ಫೇಲಾದವರ ಸೋಮವಾರ

ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸಿನ ಶಾಲೆಯಲ್ಲಿ ನಾನು ಕಸ ಗುಡಿಸುತ್ತಿದ್ದಾಗ ಒಬ್ಬರು ಹೆಡ್‌ಮಾಸ್ತರರಿದ್ದರು. ಪರೀಕ್ಷೆಯಲ್ಲಿ ಫೇಲಾದವನು ಮನೆಯ ಹಿರಿಯರನ್ನು ಕರೆದುಕೊಂಡು ಸೋಮವಾರ ಬಂದರೆ, ಅವರೆದುರಿಗೇ ಲೆಕ್ಕವನ್ನು ಮತ್ತೆ ಕೇಳುತ್ತಿದ್ದರು. ಕಿವಿಯ ಹಿಂದೆ ಕೈಯಿಟ್ಟು, ಕಣ್ಣು ಮುಚ್ಚಿ ಉತ್ತರ ಕೇಳಿಸಿಕೊಳ್ಳುತ್ತಿದ್ದರು. ಸರಿಯಿದ್ದರೆ ಪಾಸು. ಇಲ್ಲದಿದ್ದರೆ, "ತಪ್ಪು. ಮುಂದಿನ ಸೋಮವಾರ ಬಾ" ಅನ್ನುತ್ತಿದ್ದರು.

ನಮ್ಮ ಪಕ್ಕದ ಮನೆಯವಳ ಮಗ ಲೆಕ್ಕದಲ್ಲಿ ದಡ್ಡ, ಫೇಲಾದ. ಪಾಸಾಗಿದ್ದರೆ ನೆಲದ ಮೇಲೆ, ಗಣಿಯ ಆಫೀಸಿನಲ್ಲಿ ಕೆಲಸ ಸಿಗುತ್ತಿತ್ತು. ಸೋಮವಾರದವರೆಗೆ ಸುಮ್ಮನೆ ಕೂರುವುದೇಕೆಂದು ಗಣಿಗೆ ಇಳಿದ. ಬಂಡೆ ಸಿಡಿದು ಸತ್ತ. ಹೆಣವೂ ಸಿಗಲಿಲ್ಲ.

ಸೋಮವಾರ ಅವಳೊಬ್ಬಳೇ ಬಂದಳು. "ಸತ್ತೋದ ಸ್ವಾಮಿ. ಪಾಸು ಅಂದ್ಬುಡಿ, ನೆಮ್ಮದಿಯಾಗಿ ಓಗ್ಲಿ."

ಮಾಸ್ತರರು ಖಾಲಿ ಬೆಂಚಿನ ಕಡೆ ತಿರುಗಿ ಲೆಕ್ಕ ಕೇಳಿದರು. ಕಿವಿಯ ಹಿಂದೆ ಕೈಯಿಟ್ಟು ಕಣ್ಣು ಮುಚ್ಚಿದರು. ನನಗಂತೂ ಏನೂ ಕೇಳಿಸಲಿಲ್ಲ. ಅವರು ತಲೆಯಲ್ಲಾಡಿಸಿದರು. "ತಪ್ಪು. ಮುಂದಿನ ಸೋಮವಾರ ಬಾ."

ಅವಳು ಗೋಳಾಡುತ್ತಾಳೆ ಅಂದುಕೊಂಡೆ. ಅವಳು ಕಣ್ಣೊರೆಸಿಕೊಂಡು ಕೇಳಿದಳು, "ಅಂಗಾದ್ರೆ ಮತ್ತೆ ಬತ್ತಾನಾ ಸ್ವಾಮಿ?"

"ಪಾಸಾಗೋ ತನಕ ಬರಲೇಬೇಕಮ್ಮ."

ಅವಳು ಬೆಂಚಿನ ಹತ್ತಿರ ಬಗ್ಗಿ ಮೆಲ್ಲಗೆ ಅಂದಳು, "ಲೇ ಮಗಾ, ಯಾವತ್ತೂ ಸರಿ ಉತ್ತರ ಏಳ್ಬ್ಯಾಡ ಕಣ್ಲಾ."