ಸಿದ್ದಮ್ಮನ ತಡೆಯಾಜ್ಞೆ

ಸಿದ್ದಮ್ಮನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ವಿಜಯಪುರದ ಕಡೆಯಿಂದ ಬಂದು ಇಪ್ಪತ್ತು ವರ್ಷ ಕಾಂಕ್ರೀಟ್ ಮಿಕ್ಸರಿನ ಪಕ್ಕ ದುಡಿದವಳು. ಅದರ ಸದ್ದನ್ನು ಮೀರಿಸಿ ಕೂಗುವುದೇ ಅವಳ ಮಾತು. ಠಾಣೆ ನಗರದ ನೌಪಾಡಾದಲ್ಲಿ ನಾನು ಗುಮಾಸ್ತನಾಗಿರುವ ವಕೀಲರ ಆಫೀಸಿಗೆ ಅವಳು ಬಂದರೆ, ಕೆಳಗಿನ ವಡಾಪಾವ್ ಅಂಗಡಿಯವನಿಗೂ ಕೇಸಿನ ವಿವರವೆಲ್ಲ ತಿಳಿಯುತ್ತಿತ್ತು.

ಘಣಸೋಲಿಯಲ್ಲಿ ಅವಳದೂ ಸೇರಿ ಮೂವತ್ತು ಗುಡಿಸಲುಗಳನ್ನು ಒಡೆಯುತ್ತೇವೆಂದು ನೋಟಿಸು ಬಂದಿತ್ತು. ಎಲ್ಲರೂ ಗಂಟುಮೂಟೆ ಕಟ್ಟುತ್ತಿದ್ದಾಗ ಕೋರ್ಟಿಗೆ ಹೋಗೋಣ ಎಂದವಳು ಇವಳೊಬ್ಬಳೇ.

"ನೋಟಿಸು ಸರಕಾರದ್ದು, ಕೋರ್ಟೂ ಸರಕಾರದ್ದೇ. ಎಂತ ಮಾಡ್ತದೆ ಮಾರಾಯ್ತಿ?" ಎಂದು ಕೇಳಿದ್ದೆ.

"ಕೋರ್ಟು ಸರಕಾರದ್ದಲ್ರೀ, ಸರಕಾರದ ಅತ್ತಿ. ಸೊಸಿ ಅಡಗಿ ಮಾಡ್ಲಿ, ಮನಿ ನಡಸ್ಲಿ. ತಪ್ಪಿದ್ರ ಕೇಳಾಕ ಒಬ್ಬಾಕಿ ಬೇಕಲ್ಲ."

ಠಾಣೆ ಕೋರ್ಟಿನ ನ್ಯಾಯಾಧೀಶರು ಅವಳ ಗಂಟಲು ಕೇಳಿ ಮೊದಲು ನಕ್ಕರು. ಆಮೇಲೆ, "ಇವರನ್ನು ಎಲ್ಲಿಗೆ ಕಳಿಸುತ್ತೀರಿ?" ಎಂದು ಸರಕಾರಿ ವಕೀಲರನ್ನು ಕೇಳಿದರು. ಅವರು ಮುಂದಿನ ತಾರೀಖು ಕೇಳಿದರು. ವಿಚಾರಣೆ ಮುಗಿಯುವವರೆಗೆ ಒಡೆಯಬಾರದೆಂದು ತಡೆಯಾಜ್ಞೆ ಬಂತು. ಅಂದು ಶುಕ್ರವಾರ. ಒಂದು ಪ್ರತಿ ಅವಳ ಕೈಗೆ ಕೊಟ್ಟೆ. ಇನ್ನೊಂದನ್ನು ನೋಟಿಸು ಕೊಟ್ಟ ಅಧಿಕಾರಿಯ ಕಚೇರಿಗೆ ಮುಟ್ಟಿಸಿ ಸಹಿ ತರುವುದು ನನ್ನ ಕೆಲಸ. ಸಂಜೆ ಡೊಂಬಿವಲಿಯಲ್ಲಿ ನಾದಿನಿಯ ಮಗಳ ನಿಶ್ಚಿತಾರ್ಥವಿತ್ತು. ಸೋಮವಾರ ಕೊಟ್ಟರಾಯಿತು ಎಂದು ಆದೇಶವನ್ನು ಬ್ಯಾಗಿನಲ್ಲಿಟ್ಟುಕೊಂಡು ಲೋಕಲ್ ರೈಲು ಹತ್ತಿದೆ.

ಶನಿವಾರ ಬೆಳಿಗ್ಗೆ ಜೆಸಿಬಿ ಬಂತು. "ಯಾರೂ ಸಾಮಾನು ತೆಗೀಬ್ಯಾಡ್ರಿ, ಕೋರ್ಟ್ ಐತಿ," ಎಂದು ಸಿದ್ದಮ್ಮ ಓಣಿಯುದ್ದಕ್ಕೂ ಕೂಗಿದಳಂತೆ. ಜನ ನಂಬಿ ಕೈಕಟ್ಟಿ ನಿಂತರು. ಅಧಿಕಾರಿ ಅವಳ ಕೈಯ ಕಾಗದವನ್ನು ಪೂರ್ತಿ ಓದಿದ. ಮಡಿಸಿ, ಮರ್ಯಾದೆಯಿಂದಲೇ ವಾಪಸು ಕೊಟ್ಟ.

"ಆಫೀಸ್ ಮೇ ಆರ್ಡರ್ ನಹೀ ಆಯಾ, ಮೌಸಿ." ಕಚೇರಿಗೆ ಆದೇಶ ಬಂದಿಲ್ಲವಂತೆ.

ಮಧ್ಯಾಹ್ನದೊಳಗೆ ಮೂವತ್ತೂ ನೆಲಸಮ. ಪಾತ್ರೆ, ಹಾಸಿಗೆ, ಪಕ್ಕದ ಮನೆಯ ರೇಣುಕಾಳ ಹೊಲಿಗೆ ಯಂತ್ರ, ಎಲ್ಲ ಒಳಗೇ ಅಪ್ಪಚ್ಚಿಯಾದವು. ರೇಣುಕಾ ಎಲ್ಲರೆದುರು ಸಿದ್ದಮ್ಮನ ಕೆನ್ನೆಗೆ ಹೊಡೆದಳು. ಅಧಿಕಾರಿಗೆ ಹೊಡೆಯುವ ಧೈರ್ಯ ಯಾರಿಗೂ ಇರಲಿಲ್ಲ.

ವರ್ಷ ಕಳೆದ ಮೇಲೆ, ಒಡೆದದ್ದು ತಪ್ಪು ಎಂದು ಕೋರ್ಟು ಹೇಳಿತು. ಆದರೆ ಆದೇಶ ಕಚೇರಿಗೆ ತಲುಪಿರಲಿಲ್ಲವೆಂದು ಅಧಿಕಾರಿಯ ಕ್ಷಮಾಪಣೆಯನ್ನು ಒಪ್ಪಿಕೊಂಡಿತು. ಜಾಗದ ಸುತ್ತ ಆಗಲೇ ತಗಡಿನ ಬೇಲಿ ಎದ್ದಿತ್ತು. ಓಣಿಯವರು ಯಾರೂ ಹತ್ತಿರ ಸೇರಿಸದೆ ಸಿದ್ದಮ್ಮ ಒಬ್ಬಳೇ ಮಾಜಿವಾಡಾದ ಸೇತುವೆಯ ಕೆಳಗಿದ್ದಳು.

ತೀರ್ಪಿನ ದಿನ ಕೋರ್ಟಿನ ಮೆಟ್ಟಿಲ ಮೇಲೆ ನನ್ನನ್ನು ತಡೆದಳು.

"ನಾವು ಗೆದ್ವೇನ್ರೀ?"

"ಗೆದ್ದೆವು."

"ಆರ್ಡರು ಮುಟ್ಟಲಿಲ್ಲ ಅಂದ್ರಲ್ಲ. ಯಾರು ಒಯ್ಯಬೇಕಿತ್ತು?"

"ಟಪಾಲಿನವನು," ಎಂದೆ.

"ಅವನ್ನ ಬೈಬ್ಯಾಡ್ರಿ. ಅವಗೂ ಮನಿ, ಮಕ್ಕಳು ಇರ್ತಾವ."

ವಕೀಲರಿಗೆ ನಮಸ್ಕಾರ ಹೇಳಿ ಎಂದು ಇಳಿದು ಹೋದವಳು ಮತ್ತೆ ನೌಪಾಡಾಕ್ಕೆ ಬರಲಿಲ್ಲ. ನಮ್ಮ ಆಫೀಸಿನಿಂದ ಮಾಜಿವಾಡಾಕ್ಕೆ ರಿಕ್ಷಾದಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. ನಾನೂ ಹೋಗಲಿಲ್ಲ.