ವಾದಿ ಇಳಿಯುವವರೆಗೆ

ಒಮಾನಿನ ನಿಜ್ವಾ ಕೋಟೆ ನೋಡಲು ಕಾರಿನಲ್ಲಿ ಹೊರಟಿದ್ದ ನಮ್ಮನ್ನು ಮಳೆ ದಾರಿಯಲ್ಲೇ ಹಿಡಿಯಿತು. ಒಣಗಿ ಬಿದ್ದಿದ್ದ ಹಳ್ಳ, ಇಲ್ಲಿಯವರ ಬಾಯಲ್ಲಿ ವಾದಿ, ತುಂಬಿ ರಸ್ತೆ ಮುಳುಗಿತು. ಒಮಾನಿಗಳು ಚಾಪೆ ಹಾಸಿ, ಕಾವಾ ಕಾಫಿ ಹೀರುತ್ತ ಹೊಳೆ ನೋಡಿದರೆ, ಮಂಗಳೂರಿನ ನಾವು ತಲೆಗೆ ಟವೆಲ್ ಹಾಕಿ ಶಪಿಸುತ್ತಿದ್ದೆವು.

ವೀಸಾ ಕೊಟ್ಟ ಅರಬ್ ಧಣಿ ಕಫೀಲ್ ಪಾಸ್‌ಪೋರ್ಟ್ ಕೊಡದೆ, ತಾಯಿ ಸತ್ತಾಗಲೂ ಊರಿಗೆ ಹೋಗಲಾಗದ ರೂಂಮೇಟ್ ಸದಾನಂದನನ್ನು ನಗಿಸಲೆಂದೇ ಈ ಪ್ರವಾಸ. ಕಫೀಲನಂತೆ ಹೊಟ್ಟೆ ಸವರಿಕೊಂಡು, "ಬುಕ್ರಾ, ಬುಕ್ರಾ, ನಾಳೆ ಬಾ" ಎಂದೆ. ನಕ್ಕವನು ನಾನೊಬ್ಬನೇ.

ಬಿಸಿಲು ಬಂತು. "ಅಮ್ಮ ಮಾತಾಡಿ ಕಳಿಸಿದ ಕ್ಯಾಸೆಟ್ಟನ್ನು ಟೇಪು ತಿಂದು ಹಾಕಿತು ಮಾರಾಯ," ಎಂದ ಸದಾನಂದ. "ನೀನೂ ಕೇಳಿದ್ದಿ ಅಲ್ವಾ? ಒಮ್ಮೆ ಅವಳ ಹಾಗೆ ಮಾತಾಡು."

"ಮಗಾ, ಊಟ ಆಯ್ತಾ?" ಎಂದೆ.

"ಅವಳು ಮೊದಲು ಕೆಮ್ಮುತ್ತಿದ್ದಳು."

ಕೆಮ್ಮಿ ಕೇಳಿದೆ.

"ಬೇಡ ಬಿಡು. ನಿನ್ನ ದನಿಯೇ ಕೇಳ್ತದೆ."

ವಾದಿ ಇಳಿದಿತ್ತು. ಹಿಂದಿನ ಕಾರುಗಳು ಹಾರ್ನ್ ಹೊಡೆದರೂ ನಾನು ಕೆಮ್ಮುತ್ತಲೇ ಇದ್ದೆ.