ನಿಧಾನಪ್ಪನನ್ನು ಬಿಟ್ಟು ಬಾರದ ಅತ್ತೆ

ಮಧ್ಯಾಹ್ನದ ಊಟವಾದ ಮೇಲೆ ಅತ್ತೆಯ ಮನೆಯ ಮುಂದಿನ ಕೋಣೆಗೆ ಒಂದು ಮೌನ ಬಂದು ಕೂರುತ್ತದೆ. ಚಾಪೆಗಳ ಮೇಲೆ ಹನ್ನೊಂದು ಮಕ್ಕಳು, ಒಂದರ ಕಾಲು ಇನ್ನೊಂದರ ಹೊಟ್ಟೆಯ ಮೇಲೆ. ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರು ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ಯುವ ಮಕ್ಕಳು. ಅವರನ್ನು ನೋಡಿಕೊಳ್ಳುವುದೇ ಅತ್ತೆಯ, ಅಂದರೆ ನನ್ನ ಸೋದರಮಾವನ ಹೆಂಡತಿಯ, ಕೆಲಸ. ಆ ಮೌನ ತಾನಾಗಿ ಬರುವುದಿಲ್ಲ, ಅತ್ತೆ ಅದನ್ನು ಕೈಯಾರೆ ಮಾಡುತ್ತಾರೆ. ಬಾಗಿಲಿನ ತಿರುಗಣಿಗೆ ಎಣ್ಣೆ, ಕುರ್ಚಿಯ ಕಾಲುಗಳಿಗೆ ಹಳೆಯ ಕಾಲುಚೀಲ. ಕುಕ್ಕರಿನ ಸೀಟಿಯೆಲ್ಲ ಊಟಕ್ಕೆ ಮೊದಲೇ ಮುಗಿದಿರಬೇಕು. ಅವರು ನಡೆದದ್ದು ನೆಲಕ್ಕೂ ಗೊತ್ತಾಗುವುದಿಲ್ಲ.

ಆ ಮೌನದಲ್ಲಿ, ಮೂಲೆಯ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಅತ್ತೆ ಯುದ್ಧ ಮಾಡುತ್ತಾರೆ.

ಅದು ಮಾವ ತಂದ ಆಟ. ಮಾವ ಬಸ್ ಡ್ರೈವರ್. ಯಾರೋ ಸಹೋದ್ಯೋಗಿಯಿಂದ ಇಸಿದುಕೊಂಡು ಬಂದಿದ್ದರು. ಶತ್ರುಗಳ ಶಿಬಿರದೊಳಗೆ ಸಿಕ್ಕಿಕೊಂಡ ಐವರು ಸೈನಿಕರನ್ನು ಮೇಲಿನಿಂದ ನೋಡುತ್ತ ನಡೆಸಬೇಕು. ಗುಂಡು ಹಾರಿಸಿದರೆ ಶಿಬಿರವೆಲ್ಲ ಎದ್ದು ಬರುತ್ತದೆ. ಹಾಗಾಗಿ ತೆವಳಬೇಕು, ನೆರಳಲ್ಲಿ ನಿಲ್ಲಬೇಕು, ಕಾವಲುಗಾರ ಬೆನ್ನು ತಿರುಗಿಸಿದಾಗ ದಾಟಬೇಕು. ಪ್ರತಿ ಕಾವಲುಗಾರನ ದೃಷ್ಟಿ ನೆಲದ ಮೇಲೆ ಹಸಿರು ಬೀಸಣಿಗೆಯಂತೆ ಹರಡಿಕೊಂಡು ತಿರುಗುತ್ತಿರುತ್ತದೆ. ಅದರ ಅಂಚು ಕಾಲಿಗೆ ತಾಗಿದರೆ ಮುಗಿಯಿತು.

ಐವರಿಗೂ ಅತ್ತೆಯೇ ಹೆಸರಿಟ್ಟಿದ್ದರು. ಬೀಗ ಒಡೆಯುವವನು ತುಂಟ, ಮರ ಹತ್ತುವವನು ಕೋತಿ. ಕೊನೆಯವನು ನಿಧಾನಪ್ಪ. ಕಾಲಿಗೆ ಪೆಟ್ಟಾದವನು, ಓಡಲಾರ. ಬಾ ಎಂದರೆ ಯೋಚನೆ ಮಾಡಿ ಬರುವವನು.

ಕೊನೆಯ ಹಂತದಲ್ಲಿ ಇವರೆಲ್ಲ ನದಿಯ ದೋಣಿಯನ್ನು ತಲುಪಬೇಕು. ಎಲ್ಲರೂ ಎಂದರೆ ಆಟದ ಪ್ರಕಾರ ಮೂವರು ಸಾಕು. ಮಾವ ಒಂದೇ ವಾರದಲ್ಲಿ, ಸಂಜೆ ಸಂಜೆ ಢಮಾರ್ ಢಮಾರ್ ಎಂದು ಗುಂಡು ಹಾರಿಸಿ, ಇಬ್ಬರನ್ನು ಅಲ್ಲೇ ಬಿಟ್ಟು ಗೆದ್ದಿದ್ದರು. ಅತ್ತೆ ನಿಧಾನಪ್ಪನನ್ನೂ ಕರೆತರಲು ಹೋಗಿ ಒಂದು ವರ್ಷದಿಂದ ಅಲ್ಲಿಯೇ ಸೋಲುತ್ತಿದ್ದರು. ಆ ಹಂತವನ್ನು ನಡುವೆ ನಿಲ್ಲಿಸಲೂ ಬರುವುದಿಲ್ಲ. ಮಗುವೊಂದು ಎದ್ದು ಅತ್ತಿತೆಂದು ಎದ್ದು ಹೋದರೂ ಅಲ್ಲಿ ಕಾವಲುಗಾರರು ತಿರುಗುತ್ತಲೇ ಇರುತ್ತಾರೆ. ಸಿಕ್ಕಿಬಿದ್ದರೆ ಮತ್ತೆ ಮೊದಲಿನಿಂದ.

ಪರೀಕ್ಷೆ ಮುಗಿಸಿ ರಜೆಗೆ ನಾನು ಅಲ್ಲಿಗೆ ಹೋದ ದಿನವೂ ಅದೇ ಜಗಳ ನಡೆದಿತ್ತು.

"ಅವನೊಬ್ಬನನ್ನ ಬಿಟ್ಟು ಬಾರೇ ತಾಯಿ, ಗೆದ್ದುಬಿಡ್ತೀಯ," ಎಂದರು ಮಾವ.

"ಐದು ಜನ ಹೋಗಿದಾರೆ, ಐದು ಜನ ಬರ್ಬೇಕು."

"ಆಟ ಕಣೇ ಅದು! ಸಂಜೆ ಅವರಮ್ಮ ಬಂದು ಕೇಳ್ತಾಳಾ?"

"ನಿಮ್ಮ ಬಸ್ಸಲ್ಲೂ ಹಿಂಗೇನಾ? ಮೂರು ಜನ ಇಳಿದ್ರೆ ಊರು ಬಂತು ಅಂತ?"

ಮಾವ ಟವೆಲ್ಲನ್ನು ಹೆಗಲಿಗೆಸೆದುಕೊಂಡು ಸ್ನಾನಕ್ಕೆ ಹೋದರು. ಬಚ್ಚಲಿನಿಂದ ಮಾತ್ರ ದನಿ ಬಂತು: "ನೀನು ಐದು ಜನಾನ ತಂದ ದಿನ ನಾನು ಸ್ಟೇರಿಂಗ್ ಬಿಟ್ಟು ಟಿಕೆಟ್ ಹರೀತೀನಿ!"

ಅತ್ತೆ ನಕ್ಕರು. ಆದರೆ ಮರುದಿನ ಮಧ್ಯಾಹ್ನ ಪರದೆಯ ಮುಂದೆ ಕೂತಾಗ ಅವರ ತುಟಿ ಬಿಗಿದಿತ್ತು. ಕಾವಲುಗಾರ ಯಾವಾಗ ತಿರುಗುತ್ತಾನೆಂದು ಕಣ್ಣಳತೆಯಲ್ಲೇ ಅಂದಾಜು ಮಾಡಬೇಕಿತ್ತು. ಮೂರು ಸಲ ನಿಧಾನಪ್ಪ ಅಂಗಳದ ನಡುವೆ ಸಿಕ್ಕಿಬಿದ್ದ. ಸುಮ್ಮನೆ ಕುತೂಹಲಕ್ಕೆ ನಾನು ನನ್ನ ಇಯರ್‌ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿದೆ. ನದಿಯ ನೀರಿನ ಸದ್ದು ಕೇಳಿತು. ಎಲ್ಲೋ ನಾಯಿ ಗುರುಗುಟ್ಟಿತು. ಆಮೇಲೆ ಇನ್ನೊಂದು ಸದ್ದು.

"ಅತ್ತೆ, ಇವನು ತಿರುಗೋಕೆ ಮುಂಚೆ ಕೆಮ್ತಾನೆ."

"ಯಾರು? ಯಾವ ಮಗು?" ಅತ್ತೆ ಥಟ್ಟನೆ ಚಾಪೆಗಳ ಕಡೆ ನೋಡಿದರು.

"ಮಗು ಅಲ್ಲ. ಕಾವಲುಗಾರ."

ಅತ್ತೆ ನನ್ನ ಮುಖವನ್ನೇ ನೋಡಿದರು. ಪಿಸುಗುಟ್ಟಿದರು: "ಗುಂಡು ಬಿಟ್ಟು ಬೇರೆ ಶಬ್ದಾನೂ ಇದೆಯಾ ಇದರಲ್ಲಿ?"

ಮಕ್ಕಳು ಏಳಬಾರದೆಂದು ಅವರು ತಾವು ಆಡಲು ಕೂತ ಮೊದಲ ದಿನವೇ ಸ್ಪೀಕರಿನ ತಂತಿ ಕಿತ್ತಿಟ್ಟಿದ್ದರು. ಮಾವ ಆಡುವಾಗ ಅಡುಗೆಮನೆಗೆ ಕೇಳಿದ್ದು ಬರೀ ಗುಂಡಿನ ಸದ್ದು. ಆಟದ ಅರ್ಧ ಗುಟ್ಟು ಕಿವಿಯಲ್ಲಿತ್ತು. ಅತ್ತೆ ವರ್ಷವಿಡೀ ಕಿವಿ ಮುಚ್ಚಿಕೊಂಡು ಅಷ್ಟು ದೂರ ಬಂದಿದ್ದರು. ನಾನು ನಗಬೇಕೆಂದಿದ್ದೆ, ಆಗಲಿಲ್ಲ. ಇಯರ್‌ಫೋನನ್ನು ಕಿವಿಯಿಂದ ತೆಗೆದು ಅವರ ಮುಂದೆ ಹಿಡಿದೆ.

ಇಯರ್‌ಫೋನಿನ ಒಂದು ತುದಿಯನ್ನು ಮಾತ್ರ ಅತ್ತೆ ಹಾಕಿಕೊಂಡರು. ಇನ್ನೊಂದನ್ನು ನನಗೆ ಕೊಟ್ಟರು. "ಆ ಕಿವಿ ಇವರದ್ದು," ಎಂದು ಚಾಪೆಗಳ ಕಡೆ ಕಣ್ಣು ಮಾಡಿದರು.

ಕೆಲವು ಮಧ್ಯಾಹ್ನ ಬರೀ ಕೇಳುವುದರಲ್ಲೇ ಕಳೆಯಿತು. ಯಾರು ಕೆಮ್ಮುತ್ತಾನೆ, ಯಾರ ಬೂಟು ಕಿರುಗುಟ್ಟುತ್ತದೆ. ಮಕ್ಕಳ ಉಸಿರು ಕೇಳಿಯೇ ಯಾವುದು ನಿಜವಾದ ನಿದ್ದೆ, ಯಾವುದು ಕಳ್ಳನಿದ್ದೆ ಎಂದು ಹೇಳುವ ಕಿವಿ ಅತ್ತೆಯದು. ಕಲಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ರಜೆಯ ಕೊನೆಯ ದಿನ ನಾಲ್ವರು ದೋಣಿ ಸೇರಿದರು. ನಿಧಾನಪ್ಪನೊಬ್ಬ ಅಂಗಳದ ಆಚೆ ಉಳಿದಿದ್ದ. ಕೆಮ್ಮು ಕೇಳಿತು, ಅತ್ತೆ ಕಾದರು. ನಿಧಾನಪ್ಪ ಅರ್ಧ ಅಂಗಳ ದಾಟಿದ್ದ, ಅಷ್ಟರಲ್ಲಿ ಹಿಂದಿನಿಂದ ಒಂದು ಸಣ್ಣ ಮುಲುಕು ಬಂತು. ಕಿಟಕಿಯ ಪಕ್ಕದ ಹುಡುಗಿ ಎದ್ದು ಕೂತಿದ್ದಳು, ತುಟಿ ಮುಂದೆ ಬಂದಿತ್ತು.

"ನಾನು ಹೋಗ್ತೀನಿ ಅತ್ತೆ, ನೀವು ಮುಗಿಸಿ."

"ನಿನ್ನ ನೋಡಿದ್ರೆ ಜೋರಾಗಿ ಅಳ್ತಾಳೆ. ಎಲ್ಲರೂ ಎದ್ದುಬಿಡ್ತಾರೆ."

ಅತ್ತೆ ಅವಸರ ಮಾಡಲಿಲ್ಲ. ನಿಧಾನಪ್ಪನನ್ನು ಪೀಪಾಯಿಗಳ ಹಿಂದೆ ತೆವಳಿಸಿ, ನೆರಳಿನೊಳಗೆ ಬೋರಲು ಮಲಗಿಸಿದರು. ಅವನ ಕಾಲು ಹೊರಗಿದೆಯೇ ಎಂದು ಇನ್ನೊಮ್ಮೆ ನೋಡಿದರು. ಆಮೇಲೆ ಎದ್ದರು. "ಮೌಸ್ ಮುಟ್ಬೇಡ."

ನಾನು ಮುಟ್ಟಲಿಲ್ಲ. ಹಸಿರು ಬೀಸಣಿಗೆ ಪೀಪಾಯಿಯನ್ನು ಸವರಿ ಹೋಯಿತು, ಮತ್ತೆ ಬಂತು. ಒಂದು ಕಿವಿಯಲ್ಲಿ ಕಾವಲುಗಾರನ ಬೂಟು. ಇನ್ನೊಂದರಲ್ಲಿ ಅತ್ತೆ ಆ ಹುಡುಗಿಯ ಬೆನ್ನು ತಟ್ಟುವ ಮೆತ್ತನೆಯ ಸದ್ದು. ಕಾವಲುಗಾರ ಪೀಪಾಯಿಯ ಪಕ್ಕದಲ್ಲೇ ನಿಂತ. ಅವನು ಕೆಮ್ಮಿದ, ತಿರುಗಿದ.

ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಬಂದು ಕೂತರು. ಎಡಗೈ ಬೆನ್ನು ತಟ್ಟುತ್ತಿತ್ತು, ಬಲಗೈ ಮೌಸ್ ಹಿಡಿಯಿತು. ನಿಧಾನಪ್ಪ ಎದ್ದ. ಯೋಚನೆ ಮಾಡಿದ. ಬಂದ. ದೋಣಿ ಅಲುಗಿತು.

ಪರದೆಯ ಮೇಲೆ ಬೆಳಗಿನ ನದಿ, ದೋಣಿಯಲ್ಲಿ ಐದು ತಲೆಗಳು. ಅತ್ತೆ ಬೆರಳಿಟ್ಟು ಒಂದೊಂದಾಗಿ ಎಣಿಸಿದರು, ಸಂಜೆ ಬಾಗಿಲಲ್ಲಿ ಎಣಿಸುವಂತೆಯೇ. ಕೂಗಾಡುವ ಹಾಗಿರಲಿಲ್ಲ. ನನ್ನ ಕೈಯನ್ನು ಹಿಂಡಿದರು, ಅಷ್ಟೇ. ಬಳೆ ಒತ್ತಿದ ಗುರುತು ಸಂಜೆಯವರೆಗೂ ಇತ್ತು.

ಕತ್ತಲಾಗುವ ಮೊದಲು ಬಂದ ಮಾವ ಪರದೆಯ ಮುಂದೆ ತುಂಬ ಹೊತ್ತು ನಿಂತರು. "ನನಗೆ ಈ ಚಿತ್ರ ಬರಲೇ ಇಲ್ವಲ್ಲೇ," ಎಂದರು. "ನನ್ನ ದೋಣಿ ಕತ್ತಲಲ್ಲೇ ಹೋಯ್ತು."

"ಕೈಕಾಲು ತೊಳ್ಕೊಳ್ಳಿ, ಊಟಕ್ಕೆ ಹಾಕ್ತೀನಿ," ಎಂದರು ಅತ್ತೆ. ಆ ದನಿಯಲ್ಲಿ ರಾಣಿಯೊಬ್ಬಳಿದ್ದಳು.

ಮರುದಿನ ಬೆಳಿಗ್ಗೆ ನಾನು ಮಾವನ ಬಸ್ಸಿನಲ್ಲೇ ಕಾಲೇಜಿಗೆ ಹೊರಟೆ. ಕಂಡಕ್ಟರ್ ಟಿಕೆಟಿನ ಯಂತ್ರವನ್ನು ಮಾವನ ಕಡೆ ಚಾಚಿ, "ಬನ್ನಿ ಸಾರ್, ಇವತ್ತಿಂದ ಇದು ನಿಮ್ದಂತೆ!" ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಐದೂ ಜನಾನ ಕರ್ಕೊಂಡು ಬಂದ್ರಂತೆ ನಿಮ್ಮತ್ತೆ? ಬೆಳಿಗ್ಗೆಯಿಂದ ಇವರು ಡಿಪೋದಲ್ಲಿ ಸಿಕ್ಕಿದೋರಿಗೆಲ್ಲ ಹೇಳಿದ್ದೇ ಹೇಳಿದ್ದು."

ಮಾವ ಕನ್ನಡಿಯಲ್ಲಿ ನನ್ನನ್ನು ನೋಡಿ ಹಾರ್ನ್ ಒತ್ತಿದರು. ಮುಂದಿನ ನಿಲ್ದಾಣದಲ್ಲಿ ಕೋಲೂರಿಕೊಂಡು ಒಬ್ಬ ಅಜ್ಜ ಮೆಲ್ಲಗೆ ಬರುತ್ತಿದ್ದ. ಹಿಂದಿನ ಸೀಟಿನವರು ಗೊಣಗಿದರು. ಮಾವ ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ.